ಶಾಲೆಯ ಕಚೇರಿಗೆ ಕಂಪ್ಯೂಟರ್ ತರುವ ಮುಂಚೆ

ತಂಗಿ, ಯಲವಿಗಿಯ ಆ ಚಿಕ್ಕ ಶಾಲೆಯ ಕಚೇರಿ ಈಗ ನಿನ್ನ ಕೈಗೆ ಬಂದಿದೆ. ಹೊಸ ಕಂಪ್ಯೂಟರ್ ತರಬೇಕೆಂದು ಆಡಳಿತ ಮಂಡಳಿ ಠರಾವು ಬರೆದಿದೆ, ರೊಕ್ಕ ಮಾತ್ರ ಅಷ್ಟಕ್ಕಷ್ಟೆ. ಹುಬ್ಬಳ್ಳಿ ರೈಲು ಹತ್ತುವ ಮುಂಚೆ ಒಂದು ಹಾಳೆ ಹಿಡಿದು, ಈ ಯಂತ್ರದಿಂದ ವರ್ಷವಿಡೀ ಏನೇನು ಕೆಲಸ ಆಗಬೇಕು ಅಂತ ಬರಿ. ಎಸ್‌ಎಟಿಎಸ್ ಪೋರ್ಟಲಿನಲ್ಲಿ ಮಕ್ಕಳ ದಾಖಲಾತಿ, ಯುಡೈಸ್ ಪ್ಲಸ್ ಮಾಹಿತಿ, ವರ್ಗಾವಣೆ ಪತ್ರ, ಬೋನಾಫೈಡ್, ಸವಣೂರಿನ ಬಿಇಓ ಕಚೇರಿಗೆ ಪತ್ರ, ಫೀ ಲೆಕ್ಕ. ಸಂಸ್ಥೆಗೆ ಕೊಟ್ಟ ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಇದ್ದರೆ ದಾನಿಗಳ ವಿವರದ ನಮೂನೆಯನ್ನು ಮೇ 31ರೊಳಗೆ ತುಂಬಬೇಕು, ಅದನ್ನೂ ಸೇರಿಸು.

ಈ ಕೆಲಸಗಳಲ್ಲಿ ಹೆಚ್ಚಿನವು ಬ್ರೌಸರಿನಲ್ಲೇ ಆಗುವಂಥವು. ಕೊನೆಯ ದಿನ ಪೋರ್ಟಲ್ ತೆವಳುವುದು ಅತ್ತ ಸರ್ವರ್ ಮೇಲೆ ಎಲ್ಲ ಶಾಲೆಗಳೂ ಒಮ್ಮೆಲೇ ಬಿದ್ದಾಗ. ಐ7 ಚಿಪ್ಪಿನ ಯಂತ್ರ ತಂದರೂ ಪೋರ್ಟಲ್ ತೆವಳುತ್ತದೆ. ಬುಟ್ಟಿ ಮೆಣಸಿನಕಾಯಿ ಸಾಗಿಸಲು ಯಾರೂ ಲಾರಿ ಹಿಡಿಯುವುದಿಲ್ಲ.

ಅಂಗಡಿಯವನು ಸ್ಟಿಕ್ಕರ್ ತೋರಿಸುತ್ತಾನೆ, ನೀನು ಅದರ ಮುಂದಿನ ಅಂಕಿ ಕೇಳು. ಐ7-3770 ಅಂದರೆ 2012ರ ಚಿಪ್ಪು. ಐ3-8100 ಅಂದರೆ ಎಂಟನೆಯ ತಲೆಮಾರು. ಹೆಸರಿನಲ್ಲಿ ಐ7 ದೊಡ್ಡದು, ಆದರೆ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು ಆ ಐ3ಯನ್ನು. ಇಂಟೆಲ್‌ನಲ್ಲಿ ಎಂಟನೆಯ ತಲೆಮಾರು ಇಲ್ಲವೆ ಅದರ ಮುಂದಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗಿದಿದೆ. ಮಕ್ಕಳ ಆಧಾರ್ ಸಂಖ್ಯೆ ಇರುವ ಯಂತ್ರವನ್ನು ಆ ಸ್ಥಿತಿಯಲ್ಲಿ ಇಂಟರ್ನೆಟ್ಟಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಹೊಸದೇ ಬೇಕೆಂಬ ಹಟ ಬೇಡ. ದೊಡ್ಡ ಕಂಪನಿಗಳ ಕಚೇರಿಗಳಿಂದ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳನ್ನು ರಿಪೇರಿ ಮಾಡಿ ಮಾರುತ್ತಾರೆ. 4 ಜಿಬಿ ರ‍್ಯಾಮಿನ ಅಗ್ಗದ ಹೊಸ ಡಬ್ಬಿಗಿಂತ, 8 ಜಿಬಿ ರ‍್ಯಾಮ್ ಮತ್ತು 256 ಜಿಬಿಯ ಹೊಸ ಎಸ್‌ಎಸ್‌ಡಿ ಹಾಕಿದ ಈ ಹಳೆಯ ಗಟ್ಟಿ ಯಂತ್ರವೇ ಮೇಲು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಮೇಲೆ ಮಾತ್ರ ವಿಂಡೋಸ್ ಹಾಕಿಸಬೇಡ. ಬೆಳಿಗ್ಗೆ ಅದು ಶುರುವಾಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಡಬ್ಬಿಯ ಮುಚ್ಚಳ ತೆಗೆಸು. ಬೋರ್ಡಿನ ಮೇಲೆ ಕೆಪಾಸಿಟರ್ ಉಬ್ಬಿದೆಯೇ, ಫ್ಯಾನು ಕರಕರ ಅನ್ನುತ್ತದೆಯೇ, ರ‍್ಯಾಮಿಗೆ ಇನ್ನೊಂದು ಸ್ಲಾಟ್ ಖಾಲಿ ಇದೆಯೇ ನೋಡು. ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ. ಅದನ್ನು ಹೊಸದು ಹಾಕಿಸು. ಅದು ಸತ್ತರೆ ಕರೆಂಟು ಹೋಗಿ ಬಂದಾಗ ಯಂತ್ರದ ತಾರೀಖು ಹಿಂದಕ್ಕೆ ಓಡುತ್ತದೆ, ತಾರೀಖು ತಪ್ಪಿದರೆ ಸುರಕ್ಷಿತ ವೆಬ್‌ಸೈಟುಗಳು ತೆರೆಯಲು ತಕರಾರು ಮಾಡುತ್ತವೆ. ನೆಟ್ ಕೆಟ್ಟಿದೆ ಅಂತ ನೀನು ಊರೆಲ್ಲಾ ಫೋನ್ ಮಾಡುತ್ತಿರುತ್ತೀ.

ಯಾರಾದರೂ ಹಳೆಯ ಕಂಪ್ಯೂಟರ್ ದಾನ ಕೊಡುತ್ತೇವೆಂದರೆ ಮೊದಲು ಚಿಪ್ಪಿನ ಅದೇ ಅಂಕಿ ಕೇಳು. ಏಳನೆಯ ತಲೆಮಾರೋ ಅದಕ್ಕೂ ಹಿಂದಿನದೋ ಆದರೆ ಲಿನಕ್ಸ್ ಮಿಂಟ್ ಹಾಕಿಸಿ ಬಳಸಬಹುದು. ಲಿಬ್ರೆಆಫೀಸ್ ಪುಕ್ಕಟೆ, ಕನ್ನಡದ ಕಗಪ ಕೀಲಿಮಣೆ ವಿನ್ಯಾಸ ಅಲ್ಲೂ ಸಿಗುತ್ತದೆ. ಕೇರಳದ ಸರಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಮೇಲೇ ನಡೆದಿವೆ. ಆದರೆ ಕೆಟ್ಟಾಗ ಕರೆದರೆ ಬರುವ ಒಬ್ಬ ಹುಡುಗ ಹತ್ತಿರದಲ್ಲಿ ಇರಬೇಕು. ಇಲ್ಲವಾದರೆ ದಾನವನ್ನು ನಮಸ್ಕಾರ ಮಾಡಿ ಬಿಡು, ಮೂಲೆಯಲ್ಲಿ ಡಬ್ಬಿಗಳ ಗುಡ್ಡೆ ಹಾಕುವುದು ಬೇಡ.

ವಿಂಡೋಸ್ ತಗೊಂಡರೆ ಅಸಲಿ ಲೈಸೆನ್ಸ್ ತಗೋ. ಕದ್ದ ಪ್ರತಿ ಹಾಕಿಕೊಡುವವರು ಅದರ ಜೊತೆಗೆ ಏನು ಹಾಕಿರುತ್ತಾರೋ ದೇವರೇ ಬಲ್ಲ. ಆಫೀಸಿಗೆಂದು ದುಡ್ಡು ಸುರಿಯಬೇಡ: ಶಾಲೆಯೆಂದು ದೃಢಪಡಿಸಿದ ಸಂಸ್ಥೆಗೆ ಮೈಕ್ರೋಸಾಫ್ಟ್‌ನ ಎ1 ಯೋಜನೆಯೂ ಗೂಗಲ್‌ನ ಶಿಕ್ಷಣ ಆವೃತ್ತಿಯೂ ಉಚಿತ.

ಪೆನ್‌ಡ್ರೈವಿನಲ್ಲಿ ನಿಮ್ಮ ಶಾಲೆಯ ಹಳೆಯ ನುಡಿ ತಂತ್ರಾಂಶದ ಕಡತವೊಂದನ್ನು ಅಂಗಡಿಗೆ ಒಯ್ಯಿ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಹಿಂದೆ ಆಸ್ಕಿ ಫಾಂಟಿನಲ್ಲಿ ಟೈಪಿಸಿದ್ದೆಲ್ಲ, ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಹಳೆಯದನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್‌ಗೆ ತಿರುಗಿಸಿಕೋ, ಹೊಸದನ್ನೆಲ್ಲ ಯುನಿಕೋಡಿನಲ್ಲೇ ಬರಿ. ಮಗುವಿನ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೆ ಅದರ ತಂದೆ ಕೆಲಸ ಬಿಟ್ಟು ತಿದ್ದುಪಡಿಗೆ ಅಲೆಯಬೇಕು.

ಇನ್ನು ಕರೆಂಟು. ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ, ಹೆಸ್ಕಾಂ ಲೈನು ಹೋಗುವುದು ಬರುವುದು ನಿನಗೆ ಹೇಳಬೇಕಿಲ್ಲ. ಹಳೆಯ ಕಟ್ಟಡಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಶಿಯನ್‌ನನ್ನು ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸು. ಇಲ್ಲದಿದ್ದರೆ ಹೊರಗೆ ಗುಂಡಿ ತೋಡಿಸಿ ಇದ್ದಿಲು, ಉಪ್ಪು ಹಾಕಿ ಮಾಡಿಸು. ಕಂಪ್ಯೂಟರ್ ಬರುವ ಮುಂಚೆ ಇದು ಆಗಬೇಕು. 600 ವಿಎ ಯುಪಿಎಸ್ ಸಾಕು, ಅದರ ಕೆಲಸ ನೀನು ಕಡತ ಉಳಿಸಿ ಯಂತ್ರ ಮುಚ್ಚುವ ತನಕ ತಡೆಯುವುದಷ್ಟೆ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಅದರ ಖರ್ಚನ್ನು ಈಗಲೇ ಬಜೆಟ್ಟಿನಲ್ಲಿ ಬರಿ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಹಾಕಬೇಡ. ಕಾಗದಕ್ಕೆ ಪುಡಿ ಅಂಟಿಸಲು ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ಚಿಕ್ಕ ಯುಪಿಎಸ್ ಕುಸಿಯುತ್ತದೆ. ಪ್ರಿಂಟರ್ ಲೇಸರ್‌ದೇ ಇರಲಿ. ಇಂಕ್ ಟ್ಯಾಂಕಿನದು ಬೇಸಿಗೆ ರಜೆಯಲ್ಲಿ ಸುಮ್ಮನೆ ಕೂತು ತಲೆ ಒಣಗಿಸಿಕೊಂಡರೆ, ವರ್ಗಾವಣೆ ಪತ್ರಕ್ಕೆ ಪಾಲಕರು ಸಾಲು ನಿಂತಾಗಲೇ ಕೈಕೊಡುತ್ತದೆ.

ಲ್ಯಾಪ್‌ಟಾಪ್ ಯಾಕೆ ಬೇಡ ಅಂತೀಯಾ? ಕರೆಂಟಿನ ಮಟ್ಟಿಗೆ ಅದೇ ಒಳ್ಳೆಯದು, ಒಪ್ಪುತ್ತೇನೆ. ಆದರೆ ಅದಕ್ಕೆ ಕಾಲಿರುತ್ತದೆ. ಇವತ್ತು ಅಧ್ಯಕ್ಷರ ಮನೆಗೆ, ನಾಳೆ ಅವರ ಮಗನ ಪ್ರಾಜೆಕ್ಟಿಗೆ.

ಮೂರು ಕೊಟೇಶನ್ ತರಿಸು. ಮೂವರಿಗೂ ಒಂದೇ ಪ್ರಶ್ನೆ ಹಾಕು: ಕೆಟ್ಟರೆ ಮಂದಿ ಯಲವಿಗಿಗೆ ಬರುತ್ತಾರೋ, ನಾನೇ ಡಬ್ಬಿ ಹೊತ್ತು ಹುಬ್ಬಳ್ಳಿಗೆ ಬರಬೇಕೋ? ಉತ್ತರವನ್ನು ಕೊಟೇಶನ್ ಮೇಲೇ ಬರೆಸು. ಜಿಎಸ್‌ಟಿ ಬಿಲ್ ಸಂಸ್ಥೆಯ ಹೆಸರಿನಲ್ಲಿರಲಿ, ಯಂತ್ರದ ಸೀರಿಯಲ್ ನಂಬರ್ ಅದರ ಮೇಲಿರಲಿ. ಬಂದ ದಿನವೇ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಏರಿಸು.

ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಈ ರೊಕ್ಕದಲ್ಲೇ ಜಾಗ ಇಡು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಎಲ್ಲಾ ಕಡತ ಅದಕ್ಕೆ ಇಳಿಸಿ, ತಂತಿ ಕಿತ್ತು, ದಾಖಲಾತಿ ರಿಜಿಸ್ಟರಿನ ಕಪಾಟಿನಲ್ಲೇ ಇಟ್ಟು ಬೀಗ ಹಾಕು. ತಂತಿ ಕೀಳದೇ ಇಟ್ಟರೆ ಯಂತ್ರಕ್ಕೆ ಬಡಿದ ವೈರಸ್ಸು ಅದಕ್ಕೂ ಬಡಿಯುತ್ತದೆ. ಪಾಸ್‌ವರ್ಡುಗಳನ್ನು ಲಕೋಟೆಯಲ್ಲಿ ಹಾಕಿ ಮುಖ್ಯೋಪಾಧ್ಯಾಯರ ವಶಕ್ಕೆ ಕೊಡು, ನಾಳೆ ನಿನಗೇ ಬೇರೆ ಕಡೆ ನೌಕರಿ ಸಿಕ್ಕೀತು.

ಈಗಿರುವ ಹಳೆಯ ಯಂತ್ರವನ್ನು ಅಂಗಡಿಯವನು ಬದಲಿಗೆ ತಗೋತೀನಿ ಅಂದರೆ ಕೊಡು. ಅದರ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿಸಿಕೊಂಡು ನೀನೇ ಚೀಲದಲ್ಲಿ ವಾಪಸ್ ತಾ. ಅದಕ್ಕಾಗಿ ಒಂದಿಷ್ಟು ರೊಕ್ಕ ಕಡಿಮೆ ಕೊಡುತ್ತಾನೆ, ಕೊಡಲಿ.