ಕಳುಹಿಸುವ ಮನೆಯ ಕೆಲಸ

ಪ್ರೇಷಿತಕಾರ್ಯದ ತಿಂಗಳಿಗೆ ಯುವಜನರ ಪಾಠ

ಓದಿಕೊಂಡು ಬರಬೇಕಾದ ವಾಕ್ಯಭಾಗಗಳು: 1 ಸಮುವೇಲ 30:9-10, 21-25, ಪ್ರೇಷಿತರ ಕಾರ್ಯಕಲಾಪಗಳು 13:1-3, ರೋಮನರಿಗೆ 10:14-15



ಹಿಂದಿನ ಸಭೆಯಲ್ಲಿ ನಮ್ಮ ಗುಂಪಿನ ಒಬ್ಬ ತಂಗಿ ಒಂದು ಪ್ರಶ್ನೆ ಕೇಳಿದಳು. ಆಕೆಯ ಅಣ್ಣ ಈ ವರ್ಷ ಗುರುಮಠ ಸೇರಿದ್ದಾನೆ. ಆಕೆ ಸೋಲಾಪುರದ ಒಂದು ಟವೆಲ್ ಕಾರ್ಖಾನೆಗೆ ಹೋಗಿಬಂದು ಮನೆಯಲ್ಲಿ ತಾಯಿಯನ್ನು ನೋಡಿಕೊಳ್ಳುತ್ತಾಳೆ. "ಅಕ್ಕಾ, ಅಣ್ಣ ಹೋದ, ಅವ ಮಿಷನರಿ ಆಗ್ತಾನ. ನಾ ವಳಸಂಗದಾಗ ಮನಿ ನೋಡ್ಕೋತ ಕುಂತೀನಿ. ನಂದೇನ್ ಅದ ಮಿಷನ್?" ಅಂದಳು. ನಾನು ಆಗ ಏನೋ ಒಂದು ಉತ್ತರ ಹೇಳಿದೆ. ಅದು ಆಕೆಗೆ ಸಾಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಲಲಿಲ್ಲ.

ಕಾರಣ ಇದೆ. ಬಿ.ಎಸ್ಸಿ. ಮುಗಿದ ವರ್ಷ ನಾನೂ ಹೊರದೇಶದ ಒಂದು ಮಿಷನರಿ ತರಬೇತಿ ಕೇಂದ್ರದಲ್ಲಿ ಒಂದು ವರ್ಷ ಸ್ವಯಂಸೇವೆ ಮಾಡಲು ಅರ್ಜಿ ಹಾಕಿದ್ದೆ. ಅಡುಗೆಮನೆ, ಪುಸ್ತಕದ ಕೋಣೆ, ಕಸ ಗುಡಿಸುವುದು, ಯಾವ ಕೆಲಸವಾದರೂ ಸರಿ ಎಂದು ಬರೆದಿದ್ದೆ. ಆಯ್ಕೆಯಾಗಲಿಲ್ಲ. ಕೆಲವು ತಿಂಗಳು ಚರ್ಚಿಗೆ ಬಂದರೂ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಿದ್ದೆ. ದೇವರಿಗೆ ನಾನು ಬೇಡವಾದೆ ಎಂಬ ಭಾವನೆ ಇತ್ತು. ಆದ್ದರಿಂದ ಆ ತಂಗಿಯ ಪ್ರಶ್ನೆ ನನ್ನದೂ ಹೌದು. ಈ ಪಾಠವನ್ನು ಆಕೆಗೂ ನನಗೂ ಸೇರಿಸಿ ಬರೆದಿದ್ದೇನೆ.

1. ಕನ್ನಡ ನಾಡಿನಿಂದ ಪ್ಯಾರಿಸ್‌ಗೆ ಮರಳಿದ ಒಬ್ಬ ಗುರು

ಮಿಷನರಿ ಎಂದರೆ ಹೊರಟು ಹೋಗುವವನು ಎಂದು ನಾವು ತಿಳಿದಿದ್ದೇವೆ. ಹೊರಟವನನ್ನು ತಯಾರು ಮಾಡುವ ಮನೆಯೂ ಒಂದು ಇರುತ್ತದೆ. ಆ ಮನೆಯ ಕೆಲಸ ತಿಳಿಯಲು ನಮ್ಮ ಕನ್ನಡ ನಾಡಿನ ಒಂದು ಕಥೆ ಸಾಕು.

ಫ್ರಾನ್ಸ್ ದೇಶದ ಜಾನ್ ಆಂತ್ವಾನ್ ದ್ಯುಬುವಾ ಎಂಬ ಗುರುಗಳು 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟರು. ಅವರನ್ನು ಕಳುಹಿಸಿದ್ದು ಪ್ಯಾರಿಸ್ ವಿದೇಶ ಮಿಷನ್ ಸಂಘ. ಮೊದಲು ತಮಿಳು ಸೀಮೆಯಲ್ಲಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿದರು. ಈ ನಾಡಿನ ಉಡುಪು ತೊಟ್ಟರು, ಮಾಂಸ ಬಿಟ್ಟರು, ಇಲ್ಲಿನ ಮಾತು ಕಲಿತರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆ ಮಾಡಿಕೊಟ್ಟರು.

ವಿಜ್ಞಾನ ಓದಿದ ನನಗೆ ಅವರ ಇನ್ನೊಂದು ಕೆಲಸ ಇಷ್ಟ. ಜೆನ್ನರ್ ಸಿಡುಬಿನ ಲಸಿಕೆಯನ್ನು ಮೊದಲು ಹಾಕಿದ್ದು 1796ರಲ್ಲಿ. ಏಳೆಂಟು ವರ್ಷದೊಳಗೆ, 1803-04ರಲ್ಲಿ, ಈ ಗುರುಗಳು ಮೈಸೂರು ಸೀಮೆಯಲ್ಲಿ 25,432 ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ಇದೆ. ಹೊಸ ಔಷಧಿಯೆಂದರೆ ಜನ ಹೆದರುತ್ತಿದ್ದ ಕಾಲ ಅದು. ನಂಬಿಕೆ ಗಳಿಸದೆ ಅಷ್ಟು ತೋಳುಗಳು ಮುಂದೆ ಬರುವುದಿಲ್ಲ.

ಇಷ್ಟಾದರೂ ಅವರ ಮನಸ್ಸು ಕೊನೆಗೆ ಕುಗ್ಗಿತು. ಮೂವತ್ತು ವರ್ಷ ದುಡಿದು 1823ರಲ್ಲಿ ಯೂರೋಪಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ, ಭಾರತದಲ್ಲಿ ಶುಭಸಂದೇಶದ ಕೆಲಸ ಸಫಲವಾಗುವ ಆಸೆ ತಮಗಿಲ್ಲ ಎಂದು ಬರೆದುಕೊಂಡರು. ಈ ನಾಡಿನ ಆಚಾರಗಳ ಬಗ್ಗೆ ಅವರು ಪ್ರಕಟಿಸಿದ ಹೆಸರಾಂತ ಪುಸ್ತಕದಲ್ಲೂ ಕಟುವಾದ ಮಾತುಗಳಿವೆ. ಅದರ ಬಹುಭಾಗ ಅವರಿಗಿಂತ ಮೊದಲಿದ್ದ ಯೇಸುಸಭೆಯ ಗುರು ಕೂರ್ದು ಅವರ ಬರಹದಿಂದ ಬಂದದ್ದು ಎಂದು ವಿದ್ವಾಂಸರು ಆಮೇಲೆ ತೋರಿಸಿದ್ದಾರೆ. ಅವರನ್ನು ತಪ್ಪಿಲ್ಲದ ಸಂತರೆಂದು ನಾನು ನಿಮ್ಮ ಮುಂದೆ ನಿಲ್ಲಿಸುತ್ತಿಲ್ಲ. ಸೋತೆ ಎಂದುಕೊಂಡ ಮೇಲೆ ಅವರು ಏನು ಮಾಡಿದರು ಎಂಬುದನ್ನು ನೋಡೋಣ.

2. ರ್ಯೂ ದ್ಯು ಬಾಕ್ ಬೀದಿಯ ಮನೆ

ಪ್ಯಾರಿಸ್ಸಿನ ರ್ಯೂ ದ್ಯು ಬಾಕ್ ಬೀದಿಯಲ್ಲಿ ಅವರ ಸಂಘದ ಗುರುಮಠ ಇದೆ. 1663ರಿಂದ ಏಷ್ಯಾ ಖಂಡಕ್ಕೆ ಗುರುಗಳನ್ನು ಕಳುಹಿಸುತ್ತ ಬಂದ ಮನೆ ಅದು. ಫ್ರೆಂಚ್ ಕ್ರಾಂತಿಯ ಏಟು ತಿಂದು ಆಗ ತಾನೇ ಚೇತರಿಸಿಕೊಳ್ಳುತ್ತಿತ್ತು. ದ್ಯುಬುವಾ ಅವರು ಆ ಮನೆಯ ನಿರ್ದೇಶಕರಲ್ಲಿ ಒಬ್ಬರಾದರು. 1836ರಿಂದ 1839ರವರೆಗೆ ಅದರ ಹಿರಿಯರಾಗಿದ್ದರು. 1848ರಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಇಪ್ಪತ್ತೈದು ವರ್ಷ! ಭಾರತದಲ್ಲಿ ಕಳೆದದ್ದಕ್ಕಿಂತ ಸ್ವಲ್ಪವೇ ಕಡಿಮೆ.

ಆ ಮನೆಯ ದಿನದಲ್ಲಿ ದೊಡ್ಡ ಸಾಹಸ ಏನೂ ಇರಲಿಲ್ಲ. ಬೆಳಗಿನ ಧ್ಯಾನ, ಬಲಿಪೂಜೆ, ದೈವಶಾಸ್ತ್ರದ ಪಾಠ, ಊಟ, ಸಂಜೆಯ ಪ್ರಾರ್ಥನೆ. ಮತ್ತೆ ಮರುದಿನ ಅದೇ. ಹಿರಿಯರಿಗೆ ಪಾಠ ಹೇಳುವುದು, ಲೆಕ್ಕ ನೋಡುವುದು, ದೂರದ ಮಿಷನ್‌ಗಳಿಂದ ಬಂದ ಪತ್ರಗಳಿಗೆ ಉತ್ತರ ಬರೆಯುವುದು, ಇಪ್ಪತ್ತರ ಹರೆಯದ ಹುಡುಗರ ಮನಸ್ಸು ಅರಿಯುವುದು, ಇವೇ ಕೆಲಸ. ಅಂಥ ಮನೆಗೆ ಅನ್ನ ಬೇಯಿಸುವವರೂ ಬೇಕು, ಬಾಗಿಲು ತೆರೆಯುವವರೂ ಬೇಕು, ಕಾಯಿಲೆಯವರ ಪಕ್ಕ ಕೂಡುವವರೂ ಬೇಕು. ಅವರ ಹೆಸರು ಯಾವ ಚರಿತ್ರೆಯಲ್ಲೂ ಸಿಗುವುದಿಲ್ಲ.

ಆದರೆ ಆ ಮನೆಯಿಂದ ಹೊರಟವರ ಹೆಸರು ಸಿಗುತ್ತದೆ. 1827ರಲ್ಲಿ ಷಸ್ತಾನ್ ಎಂಬ ಯುವ ಗುರು, 1832ರಲ್ಲಿ ಮೊಬಾನ್ ಎಂಬ ಇನ್ನೊಬ್ಬರು ಅಲ್ಲಿಂದ ಹೊರಟರು. ಇಬ್ಬರೂ 1839ರಲ್ಲಿ ಕೊರಿಯಾದಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. ಜಗದ್ಗುರು ಎರಡನೆಯ ಜಾನ್ ಪೌಲರು 1984ರಲ್ಲಿ ಅವರನ್ನು ಕೊರಿಯಾದ ಇತರ ಹುತಾತ್ಮರೊಂದಿಗೆ ಸಂತರ ಸಾಲಿಗೆ ಸೇರಿಸಿದರು. 'ನನ್ನಿಂದ ಏನೂ ಆಗಲಿಲ್ಲ' ಎಂದು ಮರಳಿದ ಒಬ್ಬ ಮುದುಕ ಗುರು ಆ ಹುಡುಗರು ತಯಾರಾಗುತ್ತಿದ್ದ ಮನೆಯಲ್ಲಿ ಸೇವೆಯಲ್ಲಿದ್ದರು. ಮೈಸೂರು ಸೀಮೆಯ ಧರ್ಮಾಧ್ಯಕ್ಷರಾದ ಶಾರ್ಬೊನೊ ಅವರೂ ಆ ಸಂಘದವರೇ.

ಹೊರಡುವವರಿಗೆ ಆ ಮನೆಯಲ್ಲಿ ಒಂದು ಆಚರಣೆ ಇತ್ತು. ಹೊರಡುವ ಗುರುಗಳು ಪೀಠದ ಮುಂದೆ ಸಾಲಾಗಿ ನಿಲ್ಲುತ್ತಾರೆ. ಉಳಿಯುವವರೆಲ್ಲ, ಹಿರಿಯರು, ಗೆಳೆಯರು, ಮನೆಯವರು, ಒಬ್ಬೊಬ್ಬರಾಗಿ ಬಂದು ಅವರ ಪಾದಗಳಿಗೆ ಮುತ್ತಿಡುತ್ತಾರೆ. ಶುಭವಾರ್ತೆ ತರುವವರ ಪಾದಗಳನ್ನು ಯೆಶಾಯ ಪ್ರವಾದಿ ಹೊಗಳಿದ ಮಾತು (52:7) ಇದರ ಹಿಂದಿದೆ. ಅವತ್ತು ಹೊರಟವರು ಸಾಮಾನ್ಯವಾಗಿ ಮತ್ತೆ ಮನೆ ಕಾಣುತ್ತಿರಲಿಲ್ಲ. ಬೀಳ್ಕೊಡುಗೆಯ ಹಾಡಿಗೆ ರಾಗ ಹಾಕಿದವರು ಹೆಸರಾಂತ ಸಂಗೀತಗಾರ ಗುನೋ. ಹಾಡು ಬರೆದವರು ಶಾರ್ಲ್ ದಲೆ. ಈ ದಲೆ 1852ರಲ್ಲಿ ಹೊರಟು ಬಂದದ್ದು ನಮ್ಮ ಮೈಸೂರು ಮಿಷನ್‌ಗೇ!

ಇನ್ನೊಂದು ಸಂಗತಿ ನಮ್ಮಂಥ ನಾಲ್ಕು ಭಾಷೆಯ ಜನರಿಗೆ ಖುಷಿ ಕೊಡುತ್ತದೆ. 1826ರಲ್ಲಿ ದ್ಯುಬುವಾ ಅವರು ಪಂಚತಂತ್ರವನ್ನು ಫ್ರೆಂಚ್ ಭಾಷೆಗೆ ತಂದರು. ಅವರ ಮುಂದಿದ್ದ ಮೂರು ಪ್ರತಿಗಳಲ್ಲಿ ಒಂದು ತಮಿಳು, ಒಂದು ತೆಲುಗು, ಒಂದು ಕನ್ನಡ. ಕಲಿಸಲು ಬಂದವರು ಕಲಿತು ಹೋದರು. ಕಲಿತದ್ದನ್ನು ತಮ್ಮ ಊರಿನವರಿಗೂ ಹಂಚಿದರು.

3. ಕ್ಯಾಂಡಿಯಿಂದ ಪುಣೆಗೆ

ತರಬೇತಿಯ ಮನೆ ಯಾವಾಗಲೂ ಬಿಳಿಯರ ದೇಶದಲ್ಲೇ ಇರಬೇಕೆ? ಜಗದ್ಗುರು ಹದಿಮೂರನೆಯ ಲಿಯೋ ಅವರು ಇದಕ್ಕೆ 1893ರಲ್ಲಿ ಉತ್ತರ ಕೊಟ್ಟರು. ಭಾರತದ ರಕ್ಷಣೆಯ ಸೇವಕರು ಭಾರತದ ಮಕ್ಕಳೇ ಆಗಬೇಕು ಎಂಬ ಆಶಯದಿಂದ ಸಿಂಹಳದ ಕ್ಯಾಂಡಿ ಪಟ್ಟಣದ ಬಳಿ ಪೇಪಲ್ ಸೆಮಿನರಿ ತೆರೆಸಿದರು. ಬೆಲ್ಜಿಯಂ ದೇಶದ ಯೇಸುಸಭೆಯ ಗುರುಗಳು ಅದನ್ನು ನಡೆಸಿದರು. ನಮ್ಮವರು ಅಲ್ಲಿಗೆ ಸಮುದ್ರ ದಾಟಿ ಹೋಗಬೇಕಿತ್ತು. ಬೇರೆ ಬೇರೆ ಸೀಮೆಯ ಹುಡುಗರು ಒಂದೇ ಸೂರಿನಡಿ ಉಂಡು, ಓದಿ, ಜಗಳವಾಡಿ, ರಾಜಿಯಾಗಿ ಗುರುಗಳಾದರು. 1953ರಲ್ಲಿ ಭಾರತದ ಮೊದಲ ಕಾರ್ಡಿನಲ್ ಆದ ವಲೇರಿಯನ್ ಗ್ರೇಶಿಯಸ್ ಅವರು ಮಂಗಳೂರಿನ ಗುರುಮಠದಲ್ಲೂ ಆಮೇಲೆ ಕ್ಯಾಂಡಿಯಲ್ಲೂ ಓದಿದವರು.

1955ರಲ್ಲಿ ಆ ಸೆಮಿನರಿ ಕ್ಯಾಂಡಿಯಿಂದ ಪುಣೆಗೆ ಬಂತು. ಇಂದು ಅದು ನಗರ ರಸ್ತೆಯ ರಾಮವಾಡಿಯಲ್ಲಿದೆ. ಬೆಳಿಗ್ಗೆ ಸೋಲಾಪುರದಲ್ಲಿ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನದೊಳಗೆ ಆ ಊರು ತಲುಪುತ್ತೀರಿ. ಒಂದು ಕಾಲದಲ್ಲಿ ಹೊರದೇಶದಲ್ಲಿದ್ದ 'ಕಳುಹಿಸುವ ಮನೆ' ಈಗ ನಮ್ಮ ಧರ್ಮಕ್ಷೇತ್ರದೊಳಗೇ ಇದೆ. 1886ರಲ್ಲಿ ಸ್ಥಾಪನೆಯಾದ ಈ ಧರ್ಮಕ್ಷೇತ್ರದಿಂದ 1953ರಲ್ಲಿ ಬೆಳಗಾವಿ ಬೇರೆಯಾದರೂ, ಗಡಿಯ ಈಚೆ ಕನ್ನಡ ಮಾತಾಡುವ ನಾವು ಉಳಿದೆವು. ಮರಾಠಿ, ಕನ್ನಡ, ತೆಲುಗು, ಹಿಂದಿ ಒಂದೇ ಅಂಗಳದಲ್ಲಿ ಕೇಳಿಸುವ ನಮ್ಮ ಊರುಗಳೂ ಒಂದು ರೀತಿಯ ತರಬೇತಿ ಕೇಂದ್ರವೇ.

4. ಹಳ್ಳದ ಬದಿಯಲ್ಲಿ ಉಳಿದ ಇನ್ನೂರು ಜನ

ಈಗ ವಾಕ್ಯಭಾಗಕ್ಕೆ ಬರೋಣ. ದಾವೀದನು ಆರುನೂರು ಜನರೊಂದಿಗೆ ವೈರಿಗಳ ಬೆನ್ನುಹತ್ತಿ ಹೊರಟ. ಬೆಸೋರ್ ಹಳ್ಳದ ಹತ್ತಿರ ಇನ್ನೂರು ಜನ ಸುಸ್ತಾಗಿ ಕುಸಿದರು. ನಾನೂರು ಜನ ಮುಂದೆ ಹೋಗಿ ಗೆದ್ದು ಬಂದರು. ಬಂದವರಲ್ಲಿ ಕೆಲವರು, 'ಜೊತೆಗೆ ಬಾರದವರಿಗೆ ಪಾಲಿಲ್ಲ' ಎಂದು ಹಟ ಹಿಡಿದರು. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೂ ಸಾಮಾನು ಕಾಯ್ದವನಿಗೂ ಸಮಪಾಲು ಎಂದು ತೀರ್ಪು ಕೊಟ್ಟ. ಅಂದಿನಿಂದ ಅದು ಇಸ್ರಯೇಲಿನ ನಿಯಮವೇ ಆಯಿತು. ಗೆಲುವು ತಮ್ಮ ಶಕ್ತಿಯದಲ್ಲ, ದೇವರು ಕೊಟ್ಟದ್ದು ಎಂಬುದು ಅವನ ಕಾರಣ. ದೇವರು ಕೊಟ್ಟದ್ದಾದರೆ ಹೆಚ್ಚು ಕಡಿಮೆ ಪಾಲು ಎಲ್ಲಿಂದ ಬರುತ್ತದೆ?

ಹೊಸ ಒಡಂಬಡಿಕೆಯಲ್ಲೂ ಇದೇ ಇದೆ. ಬಾರ್ನಬ ಮತ್ತು ಸೌಲರು ಹೊರಟದ್ದು ನಮಗೆ ನೆನಪಿದೆ. ಉಪವಾಸ ಮಾಡಿ, ಪ್ರಾರ್ಥಿಸಿ, ಅವರ ಮೇಲೆ ಕೈಯಿಟ್ಟು ಕಳುಹಿಸಿದ್ದು ಅಂತಿಯೋಕ್ಯದ ಸಭೆ. ಆ ಸಭೆಯವರು ತಮ್ಮ ಊರಲ್ಲೇ ಉಳಿದರು. ಕಳುಹಿಸದೆ ಸಾರುವುದು ಹೇಗೆ ಎಂದು ಸಂತ ಪೌಲರೇ ರೋಮನರನ್ನು ಕೇಳುತ್ತಾರೆ.

ಧರ್ಮಸಭೆ 1927ರಲ್ಲಿ ಮಿಷನ್‌ಗಳ ಪಾಲಕರ ಪಟ್ಟಕ್ಕೆ ಸಂತ ಫ್ರಾನ್ಸಿಸ್ ಝೇವಿಯರರ ಪಕ್ಕದಲ್ಲಿ ಯಾರನ್ನು ಇಟ್ಟಿತು ನೋಡಿ: ಲಿಸಿಯೂ ಊರಿನ ಸಂತ ತೆರೇಸಮ್ಮನವರನ್ನು. ಕಾರ್ಮೆಲ್ ಮಠ ಸೇರಿದ ಮೇಲೆ ಅವರು ಹೊರಗೆ ಎಲ್ಲೂ ಹೋಗಲಿಲ್ಲ. 1822ರಲ್ಲಿ ಲಿಯೋನ್ ಪಟ್ಟಣದಲ್ಲಿ ವಿಶ್ವಾಸ ಪ್ರಸಾರದ ಸಂಘಕ್ಕೆ ಬುನಾದಿ ಹಾಕಿದ ಪೋಲಿನ್ ಜಾರಿಕೊ ಕೂಡ ಸನ್ಯಾಸಿನಿಯಲ್ಲ, ಇಪ್ಪತ್ತರ ಹರೆಯದ ಗೃಹಸ್ಥ ಹುಡುಗಿ. ರೇಷ್ಮೆ ಕೆಲಸದ ಹೆಣ್ಣುಮಕ್ಕಳಿಂದ ವಾರಕ್ಕೆ ಒಂದು ಬಿಡಿಕಾಸು, ಒಂದು ಪ್ರಾರ್ಥನೆ, ಹತ್ತು ಹತ್ತು ಜನರ ಗುಂಪು. ಅಷ್ಟೇ ಅವರ ಯೋಜನೆ. 2022ರಲ್ಲಿ ಅವರನ್ನು ಪುನೀತೆ ಎಂದು ಸಾರಲಾಯಿತು. ಚಾದರ, ಟವೆಲ್ ನೇಯುವ ನಮ್ಮ ಸೋಲಾಪುರದ ಹೆಣ್ಣುಮಕ್ಕಳಿಗೆ ಈ ಹುಡುಗಿ ಹತ್ತಿರದವಳು.

5. ನಮ್ಮ ಮನೆಯ ದಿನಚರಿ

ಹಾಗಾದರೆ ಈ ತಿಂಗಳು ನಾವು ಮಾಡಬಹುದಾದ ಕೆಲಸಗಳು ಇವು:

ಒಂದು: ಮರಾಠಿಯಲ್ಲಿ ಬಲಿಪೂಜೆ ಇರುವ ಭಾನುವಾರ ನಮ್ಮ ಕೆಲವು ಅಜ್ಜಿಯರಿಗೆ ವಾಚನ ತಿಳಿಯುವುದಿಲ್ಲ. ಪೂಜೆಗೆ ಕಾಲು ಗಂಟೆ ಮೊದಲು ಬಂದು, ಅವರ ಪಕ್ಕ ಕೂತು, ಅಂದಿನ ಶುಭಸಂದೇಶವನ್ನು ಕನ್ನಡದಲ್ಲಿ ಓದಿ ಹೇಳಿ. ಕನ್ನಡ ಪೂಜೆಯ ದಿನ ತೆಲುಗು, ಮರಾಠಿ ಮನೆಯವರಿಗೂ ಹಾಗೆಯೇ ಮಾಡಿ.

ಎರಡು: ನಮ್ಮ ಧರ್ಮಕೇಂದ್ರದಿಂದ ಗುರುಮಠಕ್ಕೆ, ಕಾನ್ವೆಂಟಿಗೆ ಹೋದವರಿಗೆ ತಿಂಗಳಿಗೊಂದು ಪತ್ರ ಬರೆಯಿರಿ. ಊರಿನ ಸುದ್ದಿ ಸಾಕು: ಮಳೆ ಆಯಿತೇ, ಜೋಳ ಹೇಗಿದೆ, ಯಾರಿಗೆ ಕೂಸು ಹುಟ್ಟಿತು. ಹೊರಗಿದ್ದವರಿಗೆ ಇದರ ಬೆಲೆ ಗೊತ್ತು.

ಮೂರು: ಹೋದವರ ಮನೆಯಲ್ಲಿ ಉಳಿದ ತಂದೆತಾಯಿಯನ್ನು ವಾರಕ್ಕೊಮ್ಮೆ ಕಂಡು ಬನ್ನಿ. ಔಷಧಿ ತರುವುದು, ಬ್ಯಾಂಕಿನ ಫಾರಂ ತುಂಬುವುದು, ಮೊಬೈಲಿನಲ್ಲಿ ಮಗನ ಮುಖ ತೋರಿಸುವುದು. ಮನೆ ಬಿಟ್ಟು ಹೋದವನ ಕಾಲಿಗೆ ಬಲ ಬರುವುದು ಇದರಿಂದ.

ನಾಲ್ಕು: ಆಯ್ಕೆಯಾಗದವರ ಜೊತೆ ಕೂಡಿ. ಗುರುಮಠದಿಂದ ಮರಳಿ ಬಂದವರು, ನೌಕರಿ ಸಿಗದವರು, ಅರ್ಜಿ ತಿರುಗಿ ಬಂದವರು ನಮ್ಮಲ್ಲಿದ್ದಾರೆ. ಅವರನ್ನು 'ಯಾಕೆ ಬಂದಿ?' ಎಂದು ಕೇಳುವುದು ಬಿಟ್ಟು 'ಊಟ ಆತೇನು?' ಎಂದು ಕೇಳಿ.

ನನ್ನನ್ನೂ ಹಿಂದಿನ ಬೆಂಚಿನಿಂದ ಎಬ್ಬಿಸಿದ್ದು ಅಂಥದೇ ಒಂದು ಮಾತು. ಒಂದು ದಿನ ಉಪದೇಶಿ ಕಾಕಾ, "ಅವ್ವಾ, ಜ್ಞಾನೋಪದೇಶಕ್ಕ ಹುಡುಗೂರು ಬಂದಾವ, ಕಲಿಸೋರಿಲ್ಲ, ಒಂದೀಟು ಬಾ" ಅಂದರು. ಒಂದು ದಿನಕ್ಕೆಂದು ಹೋದೆ. ಕಪ್ಪು ಹಲಗೆ ಒರೆಸಿದೆ, ಚಾಪೆ ಹಾಸಿದೆ, ಗಲಾಟೆ ಮಾಡುವ ಹನ್ನೊಂದು ಮಕ್ಕಳಿಗೆ ಪರಲೋಕ ಪ್ರಾರ್ಥನೆ ಕಲಿಸಿದೆ. ಹೊರದೇಶದ ಆ ಮನೆಯಲ್ಲಿ ಏನು ಮಾಡಬೇಕೆಂದು ಬಯಸಿದ್ದೆನೋ ಅದೇ ಕೆಲಸ ಇಲ್ಲಿ ಕಾದಿತ್ತು. ಆ ಹನ್ನೊಂದು ಮಕ್ಕಳಲ್ಲಿ ಯಾರು ಎಲ್ಲಿಗೆ ಹೊರಡುತ್ತಾರೋ ದೇವರಿಗೇ ಗೊತ್ತು. ಸದ್ಯಕ್ಕೆ ಅವರಿಗೆ ಚಾಪೆ ಬೇಕು.

ತಂಗೀ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ನಿನ್ನ ಅಣ್ಣ ನಿಶ್ಚಿಂತೆಯಿಂದ ಓದುತ್ತಿರುವುದು ನೀನು ತಾಯಿಯ ಪಕ್ಕ ಇದ್ದೀಯೆಂದು. ಅವನ ಪಾಲು ಎಷ್ಟೋ ನಿನ್ನ ಪಾಲೂ ಅಷ್ಟೇ. ಇದು ದಾವೀದನ ಕಾಲದಿಂದ ಬಂದ ನಿಯಮ.

ಗುಂಪಿನಲ್ಲಿ ಚರ್ಚಿಸಿ:

1. ನಿಮ್ಮ ವಿಶ್ವಾಸಕ್ಕೆ ಬುನಾದಿ ಹಾಕಿದ, ಆದರೆ ಯಾರೂ ಹೆಸರು ಹೇಳದ ಒಬ್ಬರನ್ನು ನೆನೆದು ಅವರ ಬಗ್ಗೆ ಹೇಳಿ.
2. ಸೋತೆ ಎಂದುಕೊಂಡ ಮೇಲೂ ದ್ಯುಬುವಾ ಅವರು ಬೇರೆ ಕೆಲಸಕ್ಕೆ ಕೈ ಹಚ್ಚಿದರು. ನಿಮ್ಮ ಜೀವನದಲ್ಲಿ ಮುಚ್ಚಿದ ಬಾಗಿಲು ಯಾವುದು? ಅದರ ಪಕ್ಕದಲ್ಲಿ ಕಾದಿರುವ ಕೆಲಸ ಯಾವುದು?
3. ಮೇಲಿನ ನಾಲ್ಕರಲ್ಲಿ ಈ ವಾರ ನೀವು ಯಾವುದನ್ನು ಮಾಡುತ್ತೀರಿ? ಯಾರ ಜೊತೆ?

ಪ್ರಾರ್ಥನೆ: ಓ ಕರ್ತರೇ, ಹೊರಟವರ ಪಾದಗಳನ್ನೂ ಉಳಿದವರ ಕೈಗಳನ್ನೂ ಆಶೀರ್ವದಿಸಿರಿ. ನೀವು ಇಟ್ಟ ಜಾಗದಲ್ಲಿ ನಿಮ್ಮ ಕೆಲಸವನ್ನು ಕಾಣುವ ಕಣ್ಣು ಕೊಡಿರಿ. ನಮ್ಮ ಮನೆಗಳು ನಿಮ್ಮ ಹೆಸರಿನಲ್ಲಿ ಕಳುಹಿಸುವ ಮನೆಗಳಾಗಲಿ. ಆಮೆನ್.