ಕಲ್ಲು ಕೊಯ್ಸುವ ಮೊದಲು ಕೆಳಗೆ ಬಗ್ಗಿ ನೋಡು

ಮಗಳೇ, ಹೊಸ ಅಡುಗೆಮನೆಗೆ ಅಂಡರ್‌ಮೌಂಟ್ ಸಿಂಕೇ ಬೇಕೆಂದು ಆಸೆಪಟ್ಟಿದ್ದೀಯ. ಒಳ್ಳೆಯ ಆಸೆಯೇ. ಸಿಂಕು ಕಲ್ಲಿನ ಅಡಿಗೆ ಕೂತರೆ ಕಟ್ಟೆಯ ಮೇಲೆ ಅಂಚು ಎದ್ದಿರುವುದಿಲ್ಲ. ಈರುಳ್ಳಿ ಸಿಪ್ಪೆ, ಕೊತ್ತಂಬರಿ ಕಡ್ಡಿ, ಚೆಲ್ಲಿದ ಹಾಲು ಎಲ್ಲವನ್ನೂ ಒರೆಸುಬಟ್ಟೆಯಲ್ಲಿ ಒಂದೇ ಸಲ ಒಳಕ್ಕೆ ತಳ್ಳಬಹುದು. ಆದರೆ ಬೆಂಗಳೂರಿನ ಸಣ್ಣ ಫ್ಲ್ಯಾಟಿನಲ್ಲಿ ಅದಕ್ಕೆ ಸಿಗುವ ಜಾಗ ತೀರಾ ಇಕ್ಕಟ್ಟು. ಅಂಗಡಿಯ ದೀಪದಡಿ ಥಳಥಳ ಹೊಳೆಯುವ ಸಿಂಕಿಗೆ ಮುಂಗಡ ಕೊಡುವ ಮುನ್ನ ನನ್ನದೊಂದು ಮಾತು ಕೇಳು: ಯಾವ ಸಿಂಕು ಅನ್ನುವುದನ್ನು ನಿರ್ಧರಿಸಬೇಕಾದದ್ದು ಕಲ್ಲಿನ ಕೆಳಗಿರುವ ಕಬೋರ್ಡು. ಕೊಯ್ದ ಕಲ್ಲು ಮತ್ತೆ ಕೂಡುವುದಿಲ್ಲ. ಆದ್ದರಿಂದ ಮೊದಲು ಟೇಪು ಹಿಡಿದು ಕೆಳಗೆ ಬಗ್ಗು.

24 ಇಂಚಿನ ಕಬೋರ್ಡು ಅಂದರೆ ಹೊರಗಿನಿಂದ ಹೊರಗೆ ಸುಮಾರು 600 ಮಿ.ಮೀ. ಎರಡೂ ಬದಿಯ 18 ಮಿ.ಮೀ. ಪ್ಲೈವುಡ್ ಕಳೆದರೆ ಒಳಗೆ ಉಳಿಯುವುದು 564. ಅಂಗಡಿಯಲ್ಲಿ '24-18' ಎಂದು ತೋರಿಸುವ ಸಿಂಕಿನ ಉದ್ದವೇ 610 ಮಿ.ಮೀ. ಅದು ಅಲ್ಲಿ ಕೂರುವ ಮಾತೇ ಇಲ್ಲ. ಬದಿಯ ಹಲಗೆ ಸ್ವಲ್ಪ ಕೊಯ್ದುಕೊಡುತ್ತೇನೆ ಎಂದು ಬಡಗಿ ಹೇಳಿದರೆ ಒಪ್ಪಬೇಡ, ಮೇಲಿನ ಗ್ರಾನೈಟಿನ ಭಾರ ಹೊರುವುದು ಆ ಹಲಗೆಯೇ. '21-18' ಆದರೆ 533 ಮಿ.ಮೀ. ಸಿಂಕು ಕೂರುತ್ತದೆ, ಆದರೆ ಎರಡೂ ಕಡೆ ಉಳಿಯುವುದು ಹದಿನೈದೇ ಮಿ.ಮೀ., ಕ್ಲಿಪ್ಪು ಬಿಗಿಯಲು ಬೆರಳೂ ತೂರುವುದಿಲ್ಲ. '18-16' ಆದರೆ ಬದಿಗೆ 50 ಮಿ.ಮೀ.ಗಿಂತ ಹೆಚ್ಚು ಸಿಗುತ್ತದೆ, ಕೈಯಾಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಹಾಗೆಂದು ಕಣ್ಣುಮುಚ್ಚಿ ಚಿಕ್ಕದನ್ನು ಆರಿಸಲೂ ಬೇಡ. ನಿನ್ನ ದೋಸೆ ಹೆಂಚು, ದೊಡ್ಡ ಕುಕ್ಕರು ಎಷ್ಟಗಲ ಎಂದು ಅಳೆದುಕೊಂಡು ಹೋಗು. ಅವು ಬಟ್ಟಲೊಳಗೆ ಸಲೀಸಾಗಿ ತಿರುಗಬೇಕು. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಹೊರ ಅಳತೆ, ಒಳ ಅಳತೆಯನ್ನು ಕೇಳಿ ಬರೆದುಕೊ.

ಆಳದಲ್ಲೂ ದುರಾಸೆ ಬೇಡ. ಕಟ್ಟೆ 850 ಮಿ.ಮೀ. ಎತ್ತರ, ಕಲ್ಲು 20 ಮಿ.ಮೀ. ದಪ್ಪ, ಬಟ್ಟಲು 250 ಮಿ.ಮೀ. ಆಳ ಆದರೆ ಸಿಂಕಿನ ತಳ ನೆಲದಿಂದ 580ಕ್ಕೆ ಇಳಿಯುತ್ತದೆ. ದಿನಕ್ಕೆರಡು ಹೊತ್ತು ಅಷ್ಟು ಕೆಳಕ್ಕೆ ಬಗ್ಗಿ ಮುಸುರೆ ತಿಕ್ಕುವವರ ಸೊಂಟವನ್ನು ನೆನೆಸಿಕೊ, ಅದು ನಿನ್ನದಿರಲಿ, ಮನೆಗೆಲಸಕ್ಕೆ ಬರುವ ಅಕ್ಕನದಿರಲಿ. 200 ಮಿ.ಮೀ. ಆಳ ಸಾಕು. ತಳ ಇಳಿದಷ್ಟೂ ವೇಸ್ಟ್ ಕಪ್ಲಿಂಗು, ಬಾಟಲ್ ಟ್ರ್ಯಾಪು ಕೂಡ ಕೆಳಗಿಳಿಯುತ್ತವೆ. ಗೋಡೆಯ ಡ್ರೈನಿನ ಬಾಯಿ ಟ್ರ್ಯಾಪಿನ ಬಾಯಿಗಿಂತ ಮೇಲಿದ್ದರೆ ಗಲೀಜು ನೀರು ನಿಂತು ನಾರುತ್ತದೆ. ನೀರು ಹೋಗುವ ತೂತು ಹಿಂಬದಿಗಿರುವ ಸಿಂಕು ಸಿಕ್ಕರೆ ತೆಗೆದುಕೊ, ಪೈಪು ಗೋಡೆಗೆ ಸರಿದು ಮುಂದೆ ಕಸದ ಡಬ್ಬಿಗೆ ಜಾಗ ಉಳಿಯುತ್ತದೆ.

ಸ್ಟೀಲು 304 ದರ್ಜೆಯದಿರಲಿ. ಅದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಅದಕ್ಕೆ ತುಕ್ಕಿನ ಚುಕ್ಕೆ ಬೇಗ ಏಳುತ್ತದೆ. ಮ್ಯಾಗ್ನೆಟ್ ಅಂಟಲಿಲ್ಲ ನೋಡಿ ಎಂದು ಅಂಗಡಿಯವರು ತೋರಿಸಿದರೆ ನಂಬಬೇಡ, 202ಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊ. ಗೇಜಿನ ಸಂಖ್ಯೆ ಇಳಿದಷ್ಟೂ ತಗಡು ದಪ್ಪ: 18 ಗೇಜ್ ಸುಮಾರು 1.2 ಮಿ.ಮೀ. ಬರುತ್ತದೆ, ಮನೆಬಳಕೆಗೆ ಧಾರಾಳ.

ಇನ್ನು ಕೂರಿಸುವ ಕೆಲಸ. ಜಿಗಣಿಗೆ ಗ್ರಾನೈಟ್ ಆರಿಸಲು ಹೋಗುವ ಹೊತ್ತಿಗೆ ಸಿಂಕು ನಿನ್ನ ಕೈಯಲ್ಲಿರಬೇಕು. ಕ್ಯಾಟಲಾಗಿನ ಚಿತ್ರ ನೋಡಿ ಕಲ್ಲು ಕೊಯ್ಸಬೇಡ, ಸಿಂಕನ್ನೇ ಮುಂದಿಟ್ಟು ಗೆರೆ ಹಾಕಿಸು. ಕೊಯ್ದ ಒಳ ಅಂಚು ಕಣ್ಣಿಗೆ ಕಾಣುತ್ತದೆ, ಅದಕ್ಕೂ ಪಾಲಿಶ್ ಆಗಬೇಕು. ಮುಂದೆ ಉಳಿಯುವ ಕಲ್ಲಿನ ಪಟ್ಟಿ ಮೂರು ಬೆರಳಗಲಕ್ಕಿಂತ ಕಡಿಮೆಯಾದರೆ ಸಾಗಿಸುವಾಗಲೇ ಸೀಳುವ ಭಯ. ಹಿಂದೆ ನಲ್ಲಿಯ 35 ಮಿ.ಮೀ. ತೂತಿಗೂ, ಅದರಡಿ ನಟ್ಟು ತಿರುಗಿಸುವ ಕೈಗೂ ಎಡೆ ಇರಬೇಕು.

ಸಿಲಿಕೋನ್ ಇರುವುದು ನೀರು ತಡೆಯಲಿಕ್ಕೆ. ಭಾರ ಹೊರುವ ಕೆಲಸವನ್ನು ಅದಕ್ಕೆ ವಹಿಸಬೇಡ. ಒಳಗೆ 480 ಮಿ.ಮೀ. ಉದ್ದ, 400 ಅಗಲ, 200 ಆಳದ ಬಟ್ಟಲು ತುಂಬಿದರೆ 38 ಲೀಟರ್ ನೀರು, ಅಂದರೆ 38 ಕಿಲೋ, ಪಾತ್ರೆಗಳ ಭಾರ ಬೇರೆ. ಕೈಯಾಡದ ಕಬೋರ್ಡಿನಲ್ಲಿ ಕ್ಲಿಪ್ಪುಗಳನ್ನು ನೆಚ್ಚಿಕೊಳ್ಳುವುದಕ್ಕಿಂತ ಒಳಗೊಂದು ಚೌಕಟ್ಟು ಮಾಡಿಸುವುದು ಲೇಸು. '710' ಅನ್ನುವ ಮರೈನ್ ಪ್ಲೈ ಪಟ್ಟಿಯನ್ನೋ ಅಲ್ಯುಮಿನಿಯಂ ಆಂಗಲನ್ನೋ ಬದಿಯ ಹಲಗೆಗಳಿಗೆ ಸ್ಕ್ರೂ ಹಾಕಿ ನಿಲ್ಲಿಸಲಿ. ಅದರ ಮೇಲೆ ಸಿಂಕಿಟ್ಟು, ಅಂಚನ್ನೂ ಕಲ್ಲಿನ ಅಡಿಯನ್ನೂ ಧೂಳಿಲ್ಲದಂತೆ ಒರೆಸಿ ಒಣಗಿಸಿ, ಸುತ್ತ ಎಡೆಬಿಡದೆ ಸಿಲಿಕೋನ್ ಎಳೆದು ಆಮೇಲೆ ಕಲ್ಲು ಇಳಿಸಲಿ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಕೆಲವು ಕಲ್ಲುಗಳಿಗೆ ಕಲೆ ಮಾಡುತ್ತದೆ. ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳು. ಒಂದು ದಿನ ಪೂರ್ತಿ ನೀರು ತಾಕಿಸಬೇಡ.

ಚೌಕಟ್ಟಿನಿಂದ ಮತ್ತೊಂದು ಲಾಭವಿದೆ. ಎಂದಾದರೂ ಸಿಂಕು ಬದಲಿಸಬೇಕಾದರೆ ಸಿಲಿಕೋನನ್ನು ಬ್ಲೇಡಿನಲ್ಲಿ ಕೊಯ್ದು, ಸ್ಕ್ರೂ ಬಿಚ್ಚಿ, ಕಲ್ಲು ಅಲುಗಿಸದೆ ಸಿಂಕನ್ನು ಮುಂದಿನಿಂದ ತೆಗೆಯಬಹುದು. ಅದಕ್ಕಾಗಿ ಎರಡು ಬಾಗಿಲುಗಳ ನಡುವೆ ಕಂಬ ನಿಲ್ಲಿಸಬೇಡ, ಮುಂದಿನ ಅಡ್ಡಪಟ್ಟಿಯನ್ನು ಬಿಚ್ಚುವಂತೆ ಮಾಡು ಎಂದು ಬಡಗಿಗೆ ಮೊದಲೇ ಹೇಳು. ಕಲ್ಲಿನವರು, ಬಡಗಿ, ಪ್ಲಂಬರು ಮೂವರನ್ನೂ ಒಂದೇ ದಿನ ಕರೆದು, ಒಂದೇ ಹಾಳೆಯಲ್ಲಿ ಬರೆದ ಅಳತೆಯನ್ನು ಮೂವರ ಕೈಗೂ ಕೊಡು. ತಮ್ಮ ತಮ್ಮ ಕೆಲಸ ಮುಗಿಸಿ ಅವರು ಹೋಗುತ್ತಾರೆ, ಅಲ್ಲಿ ದಿನಾ ನಿಂತು ಕೆಲಸ ಮಾಡುವವಳು ನೀನು.

ಇಷ್ಟೆಲ್ಲ ಅಳೆದ ಮೇಲೂ ಜಾಗ ಸಾಲದೆಂದು ಕಂಡರೆ ಮೇಲಿನಿಂದ ಕೂರಿಸುವ ಮಾಮೂಲಿ ಸಿಂಕನ್ನೇ ಹಾಕಿಸು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಳತೆಗೆ ತಕ್ಕಂತೆ ಗಟ್ಟಿಯಾಗಿ ಕೂತ ಸಾದಾ ಸಿಂಕು, ಹಲಗೆ ಕೊಯ್ದು ತುರುಕಿದ ಚೆಂದದ ಸಿಂಕಿಗಿಂತ ಎಷ್ಟೋ ಪಾಲು ಮೇಲು.