‘ಟು ಬಿ’ ಎಂಬ ಎರಡು ಪದಗಳು: ಇಂಗ್ಲಿಷ್ ಕಡತಗಳಲ್ಲಿ ಕರ್ಮಣಿ ಭಾವರೂಪದ ಓದು

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿಯ ಸಭೆ ಕನ್ನಡದಲ್ಲಿ ನಡೆಯುತ್ತದೆ. ಠರಾವು ಕನ್ನಡದಲ್ಲಿ ಬರೆಯಲ್ಪಡುತ್ತದೆ. ಆದರೆ ಸಭೆಯ ಮೇಜಿಗೆ ಬರುವ ಕಾಗದಗಳೆಲ್ಲವೂ ಕನ್ನಡದಲ್ಲಿ ಇರುವುದಿಲ್ಲ. ಇಂಜಿನಿಯರರ ಅಂದಾಜು ಪತ್ರಿಕೆ, ಟೆಂಡರಿನ ಷರತ್ತುಗಳು, ಕೇಂದ್ರ ಪುರಸ್ಕೃತ ಯೋಜನೆಗಳ ಮಾರ್ಗಸೂಚಿ, ಕಂಪ್ಯೂಟರಿನಿಂದ ತೆಗೆದ ಪ್ರಗತಿ ಪಟ್ಟಿ ಮುಂತಾದವು ಹಲವು ಬಾರಿ ಇಂಗ್ಲಿಷಿನಲ್ಲಿಯೇ ಬರುತ್ತವೆ. ಇಂತಹ ಕಾಗದಗಳಲ್ಲಿ ಪುಟಪುಟಕ್ಕೂ ಕಾಣಸಿಗುವ ಒಂದು ಪದಜೋಡಿ ‘ಟು ಬಿ’. ‘ವರ್ಕ್ಸ್ ಟು ಬಿ ಟೇಕನ್ ಅಪ್’, ‘ಅಮೌಂಟ್ ಟು ಬಿ ಪೇಯ್ಡ್’, ‘ಹೌಸಸ್ ಟು ಬಿ ವೆರಿಫೈಡ್’ ಎಂಬ ಶೀರ್ಷಿಕೆಗಳನ್ನು ನೋಡದ ಸದಸ್ಯರು ವಿರಳ. ಈ ಎರಡು ಸಣ್ಣ ಪದಗಳನ್ನು ಗಮನಿಸದೆ ಓದಿದರೆ ಆಗಬೇಕಾದ ಕೆಲಸವು ಆಗಿಹೋದ ಕೆಲಸದಂತೆ ಕಾಣುವುದುಂಟು; ಹಣ ಪಡೆಯಬೇಕಾದವನು ಹಣ ಕೊಡಬೇಕಾದವನಂತೆ ತೋರುವುದೂ ಉಂಟು.

ಶಾಲೆಯಲ್ಲಿ ಕಲಿತ ಕರ್ತರಿ ಮತ್ತು ಕರ್ಮಣಿ ಪ್ರಯೋಗಗಳನ್ನು ನೆನಪಿಸಿಕೊಂಡರೆ ಈ ರೂಪವು ಕಠಿಣವೇನಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದದ ಹಿಂದೆ ‘ಟು’ ಎಂಬುದನ್ನು ಸೇರಿಸಿದರೆ ಭಾವರೂಪವಾಗುತ್ತದೆ. ‘ಟು ಪೇ’ ಎಂದರೆ ಪಾವತಿಸುವುದು, ಪಾವತಿಸಲು. ಅದನ್ನೇ ಕರ್ಮಣಿಗೆ ತಿರುಗಿಸುವಾಗ ‘ಟು’ ಆದ ಮೇಲೆ ‘ಬಿ’ ಬಂದು, ಕ್ರಿಯಾಪದವು ತನ್ನ ಮೂರನೆಯ ರೂಪವನ್ನು ತಾಳುತ್ತದೆ. ‘ಪೇ’ ಎಂಬುದು ‘ಟು ಬಿ ಪೇಯ್ಡ್’ ಆಗುತ್ತದೆ, ‘ಗಿವ್’ ಎಂಬುದು ‘ಟು ಬಿ ಗಿವನ್’ ಆಗುತ್ತದೆ, ‘ಟೇಕ್’ ಎಂಬುದು ‘ಟು ಬಿ ಟೇಕನ್’ ಆಗುತ್ತದೆ. ಇಂಗ್ಲಿಷ್ ವ್ಯಾಕರಣದಲ್ಲಿ ಇದಕ್ಕೆ ಪ್ಯಾಸಿವ್ ಇನ್ಫಿನಿಟಿವ್ ಎಂಬ ಹೆಸರಿದೆ. ಹೆಸರನ್ನು ನೆನಪಿಡದಿದ್ದರೂ ನಷ್ಟವಿಲ್ಲ, ರೂಪವನ್ನು ಗುರುತಿಸಿದರೆ ಸಾಕು.

ಮೊದಲು ಹಣದ ವಿಷಯ. ‘ದಿ ಕಾಂಟ್ರಾಕ್ಟರ್ ಈಸ್ ಟು ಪೇ’ ಎಂದರೆ ಗುತ್ತಿಗೆದಾರನು ಹಣ ಕೊಡಬೇಕು. ‘ದಿ ಕಾಂಟ್ರಾಕ್ಟರ್ ಈಸ್ ಟು ಬಿ ಪೇಯ್ಡ್’ ಎಂದರೆ ಗುತ್ತಿಗೆದಾರನಿಗೆ ಹಣ ಕೊಡಬೇಕು. ‘ಬಿ’ ಎಂಬ ಒಂದಕ್ಷರದ ಪದ ಬಂದುದರಿಂದ ಹಣ ಹರಿಯುವ ದಿಕ್ಕೇ ಬದಲಾಯಿತು. ಫಲಾನುಭವಿಯ ವಂತಿಗೆ ಕುರಿತ ಷರತ್ತಿನಲ್ಲಿಯೂ ಇದೇ ವ್ಯತ್ಯಾಸ: ‘ಬೆನಿಫಿಷಿಯರಿ ಟು ಪೇ’ ಎಂಬಲ್ಲಿ ವಂತಿಗೆ ಫಲಾನುಭವಿಯದು, ‘ಬೆನಿಫಿಷಿಯರಿ ಟು ಬಿ ಪೇಯ್ಡ್’ ಎಂಬಲ್ಲಿ ಸಹಾಯಧನ ಫಲಾನುಭವಿಗೆ. ಸಭಾ ಸೂಚನೆಗೆ ಸಂಬಂಧಿಸಿದ ಪತ್ರದಲ್ಲಿ ‘ಮೆಂಬರ್ಸ್ ಟು ಇನ್ಫಾರ್ಮ್’ ಎಂದಿದ್ದರೆ ವಿಷಯ ತಿಳಿಸುವ ಕರ್ತವ್ಯ ಸದಸ್ಯರ ಮೇಲಿದೆ. ‘ಮೆಂಬರ್ಸ್ ಟು ಬಿ ಇನ್ಫಾರ್ಮ್ಡ್’ ಎಂದಿದ್ದರೆ ತಿಳಿದುಕೊಳ್ಳುವ ಹಕ್ಕು ಸದಸ್ಯರದಾಗಿದೆ. ಒಂದು ಕರ್ತವ್ಯ, ಇನ್ನೊಂದು ಹಕ್ಕು.

ಎರಡನೆಯದು ಕಾಲದ ವಿಷಯ. ಕಡತದಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ. ‘ದಿ ಡ್ರೇನ್ ಹ್ಯಾಸ್ ಬೀನ್ ಕಂಪ್ಲೀಟೆಡ್’ ಎಂದರೆ ಗಟಾರ ಪೂರ್ಣಗೊಂಡಿದೆ. ‘ದಿ ಡ್ರೇನ್ ಈಸ್ ಟು ಬಿ ಕಂಪ್ಲೀಟೆಡ್’ ಎಂದರೆ ಗಟಾರವನ್ನು ಪೂರ್ಣಗೊಳಿಸಬೇಕಾಗಿದೆ, ಇನ್ನೂ ಪೂರ್ಣವಾಗಿಲ್ಲ. ಎರಡರಲ್ಲಿಯೂ ಕೊನೆಗೆ ‘ಕಂಪ್ಲೀಟೆಡ್’ ಎಂಬ ಪದವೇ ಇರುವುದರಿಂದ ಅವಸರದ ಓದಿನಲ್ಲಿ ಕಣ್ಣು ಆ ಪದದ ಮೇಲೆ ನಿಂತು, ಹಿಂದಿನ ‘ಟು ಬಿ’ ಜಾರಿಹೋಗುತ್ತದೆ. ಪಟ್ಟಿಯ ಶೀರ್ಷಿಕೆ ಎರಡು ಸಾಲಿಗೆ ಮುರಿದು, ‘ವರ್ಕ್ಸ್ ಟು ಬಿ’ ಎಂಬುದು ಮೇಲಿನ ಸಾಲಿನಲ್ಲಿ, ‘ಕಂಪ್ಲೀಟೆಡ್’ ಎಂಬುದು ಕೆಳಗಿನ ಸಾಲಿನಲ್ಲಿ ಮುದ್ರಿತವಾಗಿದ್ದರೆ ತಪ್ಪು ಓದಿಗೆ ಇನ್ನಷ್ಟು ಅವಕಾಶ.

‘ಯೆಟ್ ಟು ಬಿ’ ಮತ್ತು ‘ರಿಮೇನ್ಸ್ ಟು ಬಿ’ ಎಂಬ ಜೋಡಣೆಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು. ‘ದಿ ಪೈಪ್‌ಲೈನ್ ಈಸ್ ಯೆಟ್ ಟು ಬಿ ಟೆಸ್ಟೆಡ್’ ಎಂಬ ವಾಕ್ಯದಲ್ಲಿ ‘ನಾಟ್’ ಎಂಬ ನಿಷೇಧಪದ ಎಲ್ಲಿಯೂ ಇಲ್ಲ. ಆದರೂ ಅದರ ಅರ್ಥ ಸಂಪೂರ್ಣ ನಿಷೇಧವೇ: ಕೊಳವೆ ಮಾರ್ಗದ ಪರೀಕ್ಷೆ ಈವರೆಗೆ ಆಗಿಲ್ಲ. ಇದಕ್ಕೆ ವಿರುದ್ಧವಾಗಿ ‘ನಾಟ್’ ಇದ್ದೂ ಅರ್ಥ ಬೇರೆಯಾಗುವ ಸಂದರ್ಭವಿದೆ. ‘ಬಿಲ್ ನಾಟ್ ಪೇಯ್ಡ್’ ಎಂಬುದು ನಡೆದ ಸಂಗತಿ, ಬಿಲ್ಲು ಪಾವತಿಯಾಗಿಲ್ಲ ಎಂದರ್ಥ. ‘ಬಿಲ್ ನಾಟ್ ಟು ಬಿ ಪೇಯ್ಡ್’ ಎಂಬುದು ಪ್ರತಿಬಂಧಕ ಆದೇಶ, ಬಿಲ್ಲು ಪಾವತಿಸಕೂಡದು ಎಂದರ್ಥ. ಮೊದಲನೆಯದನ್ನು ಎರಡನೆಯದೆಂದು ಭಾವಿಸಿದರೆ ದುಡಿದವನ ಹಣ ನಿಲ್ಲುತ್ತದೆ; ಎರಡನೆಯದನ್ನು ಮೊದಲನೆಯದೆಂದು ಭಾವಿಸಿ ಪಾವತಿಸಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ.

ಭೂತಕಾಲದ ರೂಪವು ಇನ್ನೂ ಸೂಕ್ಷ್ಮ. ‘ದಿ ಟ್ಯಾಂಕ್ ವಾಸ್ ಟು ಹ್ಯಾವ್ ಬೀನ್ ಕಂಪ್ಲೀಟೆಡ್ ಇನ್ ಮಾರ್ಚ್’ ಎಂಬ ವಾಕ್ಯದಲ್ಲಿ ‘ಹ್ಯಾವ್ ಬೀನ್ ಕಂಪ್ಲೀಟೆಡ್’ ಎಂಬಷ್ಟನ್ನೇ ಓದಿದವರು ನೀರಿನ ತೊಟ್ಟಿ ಮಾರ್ಚಿಯಲ್ಲಿ ಮುಗಿಯಿತೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ವಾಕ್ಯವು ಹೇಳುವುದು ಅದರ ವಿರುದ್ಧವನ್ನು: ಮಾರ್ಚಿಯಲ್ಲಿ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ‘ವಾಸ್ ಟು ಹ್ಯಾವ್ ಬೀನ್’ ಎಂಬ ಜೋಡಣೆಯು ಇಂಗ್ಲಿಷಿನಲ್ಲಿ ನೆರವೇರದ ಉದ್ದೇಶವನ್ನು ಸೂಚಿಸಲು ಇರುವ ರೂಢಿ. ಇನ್ನು ‘ದಿ ವರ್ಕ್ ಈಸ್ ರಿಪೋರ್ಟೆಡ್ ಟು ಹ್ಯಾವ್ ಬೀನ್ ಕಂಪ್ಲೀಟೆಡ್’ ಎಂದಾಗ ಕೆಲಸ ಮುಗಿದಿದೆ ಎಂದು ಯಾರೋ ವರದಿ ಮಾಡಿದ್ದಾರೆ ಎಂದಷ್ಟೇ ಅರ್ಥ. ಪತ್ರ ಬರೆದವರು ಸ್ವತಃ ಅದಕ್ಕೆ ಸಾಕ್ಷಿಯಾಗಿಲ್ಲ. ಇಂತಹ ವಾಕ್ಯವನ್ನು ಓದಿದ ಸದಸ್ಯರು ಅಳತೆ ಪುಸ್ತಕವನ್ನು ತರಿಸಿ ನೋಡುವುದು, ಸಾಧ್ಯವಾದರೆ ಸ್ಥಳಕ್ಕೆ ಹೋಗಿ ಬರುವುದು ಯುಕ್ತ. ‘ಪ್ರಪೋಸ್ಡ್ ಟು ಬಿ’, ‘ಎಕ್ಸ್‌ಪೆಕ್ಟೆಡ್ ಟು ಬಿ’, ‘ಲೈಕ್ಲಿ ಟು ಬಿ’ ಎಂಬವು ಕ್ರಮವಾಗಿ ಪ್ರಸ್ತಾವನೆ, ನಿರೀಕ್ಷೆ, ಸಂಭವ. ಇವು ಮೂರರಲ್ಲಿ ಯಾವುದೂ ಮಂಜೂರಾತಿಯಲ್ಲ.

ಈ ರೂಪದ ನಿಜವಾದ ತೊಡಕು ಕರ್ತೃವಿನದು. ‘ಹೌಸಸ್ ಟು ಬಿ ವೆರಿಫೈಡ್’ ಎಂಬಲ್ಲಿ ಮನೆಗಳನ್ನು ಪರಿಶೀಲಿಸಬೇಕು ಎಂಬುದು ತಿಳಿಯುತ್ತದೆ. ಯಾರು ಪರಿಶೀಲಿಸಬೇಕು ಎಂಬುದು ತಿಳಿಯುವುದಿಲ್ಲ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಈ ಭಾಗದ ನದಿದಂಡೆಯ ಊರುಗಳಿಗೆ ನೀರು ನುಗ್ಗಿದ್ದು ಸದಸ್ಯರಿಗೆ ಗೊತ್ತಿರುವ ಸಂಗತಿ. ಅಂತಹ ಕಾಲದಲ್ಲಿ ಬಿದ್ದ ಮನೆಯ ಪಟ್ಟಿಯ ತಲೆಯ ಮೇಲೆ ‘ಟು ಬಿ ವೆರಿಫೈಡ್’ ಎಂದಷ್ಟೇ ಇದ್ದರೆ, ಗ್ರಾಮ ಲೆಕ್ಕಿಗರು ಬರಲೆಂದು ಪಂಚಾಯಿತಿ ಕಾಯಬಹುದು, ಇಂಜಿನಿಯರರ ವರದಿಗಾಗಿ ಗ್ರಾಮ ಲೆಕ್ಕಿಗರು ಕಾಯಬಹುದು, ಮೇಲಿನಿಂದ ಪತ್ರ ಬರಲೆಂದು ಇಂಜಿನಿಯರರು ಕಾಯಬಹುದು. ವಾಕ್ಯದಲ್ಲಿ ವ್ಯಾಕರಣ ದೋಷವೇನೂ ಇಲ್ಲ. ಮನೆ ಕಳೆದುಕೊಂಡ ಕುಟುಂಬ ಮಾತ್ರ ಶಾಲೆಯ ಕೊಠಡಿಯಲ್ಲಿಯೇ ಇರುತ್ತದೆ.

ಕರ್ತೃವನ್ನು ಹೇಳಬೇಕಾದಾಗ ಇಂಗ್ಲಿಷಿನಲ್ಲಿ ‘ಬೈ’ ಎಂಬ ಪದವನ್ನು ಸೇರಿಸುತ್ತಾರೆ. ‘ಟು ಬಿ ವೆರಿಫೈಡ್ ಬೈ ದಿ ಇಂಜಿನಿಯರ್’ ಎಂದರೆ ಇಂಜಿನಿಯರರು ಪರಿಶೀಲಿಸಬೇಕು. ಆದರೆ ಇದೇ ‘ಬೈ’ ಗಡುವನ್ನು ಹೇಳಲಿಕ್ಕೂ ಬರುತ್ತದೆ. ‘ಟು ಬಿ ವೆರಿಫೈಡ್ ಬೈ 31 ಮಾರ್ಚ್’ ಎಂದರೆ ಮಾರ್ಚ್ 31ರೊಳಗೆ, ಅಂದರೆ ಆ ದಿನವೂ ಸೇರಿದಂತೆ ಅದಕ್ಕೂ ಮೊದಲು, ಪರಿಶೀಲನೆ ಮುಗಿಯಬೇಕು. ಹೀಗಾಗಿ ‘ಬೈ’ ಕಂಡೊಡನೆ ಎಲ್ಲವೂ ಹೇಳಲಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ. ಅದರ ಮುಂದೆ ಇರುವುದು ವ್ಯಕ್ತಿಯೋ ದಿನಾಂಕವೋ ಎಂಬುದನ್ನು ನೋಡಬೇಕು. ಒಳ್ಳೆಯ ಆದೇಶದಲ್ಲಿ ಎರಡು ‘ಬೈ’ ಇರುತ್ತವೆ. ವಸೂಲಾತಿಯ ಪ್ರಕರಣದಲ್ಲಿ ಇವೂ ಸಾಲವು. ‘ಅಮೌಂಟ್ ಟು ಬಿ ರಿಕವರ್ಡ್’ ಎಂಬ ಲೆಕ್ಕಪರಿಶೋಧನೆಯ ಟಿಪ್ಪಣಿಯಲ್ಲಿ ವಸೂಲು ಮಾಡುವವರು ಯಾರು ಎಂಬುದರೊಂದಿಗೆ ಯಾರಿಂದ ಎಂಬುದೂ ಮರೆಯಾಗಿರುತ್ತದೆ. ಅದನ್ನು ‘ಫ್ರಮ್’ ಎಂಬ ಪದವೇ ಹೇಳಬೇಕು.

ಈ ದೋಷವನ್ನು ಇಂಗ್ಲಿಷಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ‘ಮಾಡಬೇಕಾದ ಕಾಮಗಾರಿಗಳು’ ಎಂಬ ಕನ್ನಡ ಶೀರ್ಷಿಕೆಯೂ ಕರ್ತೃವನ್ನು ಹೇಳುವುದಿಲ್ಲ. ‘ಪರಿಶೀಲಿಸಲಾಗುವುದು’ ಎಂಬ ಕಚೇರಿಯ ಉತ್ತರ ಎಷ್ಟು ಅರ್ಜಿಗಳನ್ನು ನಯವಾಗಿ ಹಿಂದಕ್ಕೆ ಕಳುಹಿಸಿದೆಯೋ ಎಣಿಸುವುದು ಕಷ್ಟ. ಈ ಗಡಿಭಾಗದಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿ ಬಂದ ಸದಸ್ಯರೂ ಇದ್ದಾರೆ. ಅವರಿಗೆ ‘ಕರಾವಯಾಚೀ ಕಾಮೇ’ ಎಂಬ ಪ್ರಯೋಗ ಪರಿಚಿತ. ಅದು ‘ವರ್ಕ್ಸ್ ಟು ಬಿ ಡನ್’ ಎಂಬುದಕ್ಕೆ ಸರಿಸಮಾನ. ‘ಝಾಲೇಲೀ ಕಾಮೇ’ ಎಂದರೆ ಆಗಿರುವ ಕೆಲಸಗಳು, ಅಲ್ಲಿ ‘ಟು ಬಿ’ ಬರುವುದಿಲ್ಲ. ಮರಾಠಿ ಬಲ್ಲವರು ಇಂಗ್ಲಿಷ್ ಶೀರ್ಷಿಕೆಯನ್ನು ಈ ಎರಡರಲ್ಲಿ ಯಾವುದಕ್ಕೆ ಹೊಂದುತ್ತದೆ ಎಂದು ನೋಡಿದರೆ ಅರ್ಥ ತಟ್ಟನೆ ತಿಳಿಯುತ್ತದೆ.

ಕರ್ತೃವನ್ನು ಬಿಡದೆ ಹೇಳುವ ವಾಕ್ಯ ಹೇಗಿರುತ್ತದೆ ಎಂಬುದಕ್ಕೆ ಸಂವಿಧಾನದಲ್ಲಿಯೇ ಉದಾಹರಣೆ ದೊರೆಯುತ್ತದೆ. 40ನೆಯ ಅನುಚ್ಛೇದದಲ್ಲಿ ಗ್ರಾಮ ಪಂಚಾಯಿತಿಗಳನ್ನು ಸಂಘಟಿಸಲು ರಾಜ್ಯವು ಕ್ರಮ ಕೈಗೊಳ್ಳತಕ್ಕದ್ದೆಂದು ಹೇಳಿದೆ. ಅಲ್ಲಿರುವುದು ‘ಟು ಆರ್ಗನೈಸ್’ ಎಂಬ ಕರ್ತರಿ ರೂಪ. ‘ಸ್ಟೇಟ್’ ಎಂಬ ಕರ್ತೃ, ‘ಶಲ್’ ಎಂಬ ವಿಧಿಪದ ಎರಡೂ ಸ್ಪಷ್ಟವಾಗಿವೆ. 73ನೆಯ ತಿದ್ದುಪಡಿಯಿಂದ ಬಂದ 243ಜಿ ಅನುಚ್ಛೇದದಲ್ಲಿ ಪಂಚಾಯಿತಿಗಳಿಗೆ ಅಧಿಕಾರ ಕೊಡುವ ಕರ್ತೃ ರಾಜ್ಯದ ವಿಧಾನಮಂಡಲ. ಆದರೆ ವಿಧಿಪದ ‘ಮೇ’. ‘ಶಲ್’ ಎಂದರೆ ಕಡ್ಡಾಯ, ‘ಮೇ’ ಎಂದರೆ ಮಾಡಬಹುದು ಎಂಬ ಅವಕಾಶ. ಇವುಗಳ ಜೊತೆ ಕರ್ಮಣಿ ಬಂದಾಗ ‘ಟು’ ಬಿಟ್ಟುಹೋಗಿ ‘ಶಲ್ ಬಿ ಪೇಯ್ಡ್’, ‘ಮೇ ಬಿ ಪೇಯ್ಡ್’ ಎಂದಾಗುತ್ತದೆ. ಮೊದಲನೆಯದರ ಮೇಲೆ ಹಕ್ಕು ಸಾಧಿಸಬಹುದು. ಎರಡನೆಯದರ ಮೇಲೆ ಸಾಮಾನ್ಯವಾಗಿ ವಿನಂತಿ ಮಾತ್ರ ಸಾಧ್ಯ.

2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮವನ್ನು ಈ ದೃಷ್ಟಿಯಿಂದ ಓದಿದರೆ ಒಂದು ಪಾಠ ಸಿಗುತ್ತದೆ. ಕೂಲಿ ಪಾವತಿಯನ್ನು ಅದು ಕರ್ಮಣಿಯಲ್ಲಿಯೇ ಹೇಳಿದೆ; ಆದರೆ ವಾರಕ್ಕೊಮ್ಮೆ, ಯಾವುದೇ ಸಂದರ್ಭದಲ್ಲಿ ಕೆಲಸ ಮಾಡಿದ ದಿನದಿಂದ 15 ದಿನ ಮೀರದಂತೆ ಎಂಬ ಅವಧಿಯನ್ನು ಕಟ್ಟಿಕೊಟ್ಟಿತು. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆಯ ಹೊಣೆ ರಾಜ್ಯ ಸರ್ಕಾರದ್ದೆಂದು ಕರ್ತೃವನ್ನೂ ಹೆಸರಿಸಿತು. ‘ವೇಜಸ್ ಟು ಬಿ ಪೇಯ್ಡ್’ ಎಂದಷ್ಟೇ ಬರೆದು ಬಿಟ್ಟಿದ್ದರೆ ಕೂಲಿಕಾರನ ಕೈಯಲ್ಲಿ ಕೇಳಲು ದಿನಾಂಕವೂ ಇರುತ್ತಿರಲಿಲ್ಲ, ಕೇಳಬೇಕಾದ ಬಾಗಿಲೂ ಇರುತ್ತಿರಲಿಲ್ಲ.

ಇಂಗ್ಲಿಷ್ ಪತ್ರವನ್ನು ಆಧರಿಸಿ ಕನ್ನಡದಲ್ಲಿ ಠರಾವು ಬರೆಸುವಾಗ ‘ಟು ಬಿ’ ಎಂಬುದನ್ನು ‘ಲ್ಪಡಬೇಕು’ ಎಂದು ಅಕ್ಷರಶಃ ಇಳಿಸುವ ಅಗತ್ಯವಿಲ್ಲ. ‘ಸ್ಟ್ರೀಟ್ ಲೈಟ್ಸ್ ಟು ಬಿ ರಿಪೇರ್ಡ್’ ಎಂಬುದನ್ನು ‘ಬೀದಿ ದೀಪಗಳು ದುರಸ್ತಿ ಮಾಡಲ್ಪಡಬೇಕು’ ಎಂದು ಬರೆದರೆ ಕನ್ನಡವೂ ಕೆಡುತ್ತದೆ, ಹೊಣೆಯೂ ತಪ್ಪುತ್ತದೆ. ‘2ನೇ ವಾರ್ಡಿನ ಬೀದಿ ದೀಪಗಳನ್ನು ನಿರ್ವಹಣಾ ಗುತ್ತಿಗೆದಾರರು ಈ ತಿಂಗಳ 20ರೊಳಗೆ ದುರಸ್ತಿ ಮಾಡತಕ್ಕದ್ದು, ದುರಸ್ತಿಯ ವರದಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಮುಂದಿನ ಸಭೆಯಲ್ಲಿ ಮಂಡಿಸತಕ್ಕದ್ದು’ ಎಂದು ಬರೆಯುವುದು ಮೇಲು. ಮೂಲ ಪತ್ರದಲ್ಲಿ ಕರ್ತೃ ಇಲ್ಲದಿದ್ದರೆ ಅದನ್ನು ಊಹಿಸಿ ಸೇರಿಸಬಾರದು. ಪತ್ರ ಬರೆದ ಕಚೇರಿಗೆ ‘ಯಾರಿಂದ, ಯಾವ ದಿನಾಂಕದೊಳಗೆ’ ಎಂದು ಲಿಖಿತವಾಗಿ ಸ್ಪಷ್ಟೀಕರಣ ಕೇಳಿ, ಹಾಗೆ ಕೇಳಿದ ವಿಷಯವನ್ನು ನಡಾವಳಿಯಲ್ಲಿ ದಾಖಲಿಸಬೇಕು.

ಅಭ್ಯಾಸಕ್ಕಾಗಿ ಕೆಳಗಿನ ನಾಲ್ಕು ವಾಕ್ಯಗಳನ್ನು ಕೊಡಲಾಗಿದೆ. ಪ್ರತಿಯೊಂದರಲ್ಲಿಯೂ ಕೆಲಸ ಆಗಿದೆಯೇ, ಯಾರು ಮಾಡಬೇಕು, ಯಾವಾಗ ಎಂಬುದನ್ನು ಗುರುತಿಸಿ, ವಾಕ್ಯವು ಹೇಳದೆ ಬಿಟ್ಟಿದ್ದನ್ನು ಪ್ರಶ್ನೆಯ ರೂಪದಲ್ಲಿ ಬರೆಯಬೇಕು.

‘ಬೋರ್‌ವೆಲ್ ಟು ಬಿ ಫ್ಲಶ್ಡ್ ಬೈ 15 ಏಪ್ರಿಲ್.’
‘ದಿ ರೋಡ್ ವಾಸ್ ಟು ಹ್ಯಾವ್ ಬೀನ್ ಹ್ಯಾಂಡೆಡ್ ಓವರ್ ಲಾಸ್ಟ್ ಇಯರ್.’
‘ದಿ ಜಿ.ಪಿ. ಈಸ್ ಟು ಬಿ ಪೇಯ್ಡ್ ಬೈ ದಿ ಶಾಪ್ ಟೆನೆಂಟ್.’
‘ಟಾಯ್ಲೆಟ್ಸ್ ಆರ್ ರಿಪೋರ್ಟೆಡ್ ಟು ಹ್ಯಾವ್ ಬೀನ್ ಕನ್‌ಸ್ಟ್ರಕ್ಟೆಡ್.’